ಮೂರನೇ ಕೌಂಟರಿನಲ್ಲಿ ಕಳೆದುಹೋಗುತ್ತಿದ್ದ ಅಂಕಿಗಳು

ನೋಯ್ಡಾಕ್ಕೆ ಬಂದ ಎರಡನೆಯ ದಿನ ನಾನು ನನ್ನ ಮನೆಗೇ ಅತಿಥಿಯಾಗಿ ಬಂದೆ. ಹಾಲು, ಉಪ್ಪು, ಒಂದು ಪೊರಕೆ ಹಿಡಿದುಕೊಂಡು ಅಪಾರ್ಟ್‌ಮೆಂಟಿನ ಗೇಟಿಗೆ ಬಂದರೆ ಕಾವಲಿನವನು ಅಡ್ಡ ನಿಂತ. “ಕಿಸ್ ಕೇ ಯಹಾಂ ಜಾನಾ ಹೈ?” ಯಾರ ಮನೆಗೆ ಹೋಗಬೇಕು ಎಂದು. ಹನ್ನೊಂದನೇ ಮಹಡಿಯ ನಂಬರ್ ಹೇಳಿದೆ. ಅವನು ತನ್ನ ಫೋನಿನಲ್ಲಿ ಏನೋ ಒತ್ತಿದ. ನನ್ನ ಚೀಲದೊಳಗೆ ಫೋನ್ ರಿಂಗಾಯಿತು. ಎತ್ತಿದೆ.

“ಮೇಡಂ, ಗೇಟ್ ಸೇ. ಏಕ್ ಲೇಡೀಸ್ ಆಯೀ ಹೈ. ಭೇಜ್ ದೂಂ?”

ಒಬ್ಬ ಹೆಂಗಸು ಬಂದಿದ್ದಾರೆ, ಕಳಿಸಲೇ? ಹಿಂದಿನ ದಿನ ಮನೆಯ ಮಾಲೀಕರು ಆ ಫ್ಲ್ಯಾಟಿಗೆ ನನ್ನ ನಂಬರನ್ನೇ ಬರೆಸಿದ್ದರು. ನಾವಿಬ್ಬರೂ ಒಂದು ಮಾರು ದೂರದಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, ಫೋನಿನಲ್ಲಿ ಮಾತಾಡುತ್ತಿದ್ದೆವು. ನನ್ನ ಹಿಂದಿ ಆಗ ಶಾಲೆಯಲ್ಲಿ ಪರೀಕ್ಷೆ ಕಟ್ಟಿದ ಹಿಂದಿ. “ಭೇಜ್ ದೀಜಿಯೇ” ಎಂದೆ. ಅವನು ಫೋನ್ ಇಟ್ಟು, “ಜಾಯಿಯೇ, ಮೇಡಂ ಮನೆಯಲ್ಲೇ ಇದ್ದಾರೆ” ಎಂದು ನನಗೆ ದಾರಿ ಬಿಟ್ಟ. ನಾಲ್ಕು ಹೆಜ್ಜೆ ಹೋದ ಮೇಲೆ ಅವನಿಗೆ ಹೊಳೆದಿರಬೇಕು. “ಅರೇ! ಆಪ್ ಹೀ ಹೈಂ ಕ್ಯಾ?” ಆ ಮೇಡಂ ನೀವೇನಾ ಎಂದು ಹಿಂದಿನಿಂದ ಕೂಗಿದ. ಲಿಫ್ಟಿನಲ್ಲಿ ಒಬ್ಬಳೇ ನಿಂತು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡೆ. ಹದಿನಾಲ್ಕು ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲು.

ಹದಿನಾಲ್ಕು ತಿಂಗಳು ಎಂದರೆ ನಮ್ಮನೆಯವರು ತೀರಿಕೊಂಡ ದಿನದಿಂದ. ಗದಗಿನ ಹಳೇ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮೊದಲು ಹದಿನಾರು ಟೈಪ್‌ರೈಟರ್, ಆಮೇಲೆ ಆರು ಟೈಪ್‌ರೈಟರ್ ಮತ್ತು ಹತ್ತು ಕಂಪ್ಯೂಟರ್. ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಅದಕ್ಕಿಂತ ಹೆಚ್ಚು ಓದಿಲ್ಲ. ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ ಕುಳಿತು ಸುತ್ತಲಿನ ಆಸ್ಪತ್ರೆ, ಗೋದಾಮುಗಳ ಕೌಂಟರ್ ಟರ್ಮಿನಲ್‌ಗಳನ್ನು ದುರಸ್ತಿ ಮಾಡುತ್ತಿದ್ದೆ. ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರವಿಲ್ಲ, ಮೌಸ್ ಇಲ್ಲ, ಒಂದು ಕೀಬೋರ್ಡ್ ಮಾತ್ರ. ಅಂಥ ಯಂತ್ರಗಳನ್ನು ನಡೆಸುವ ತಂತ್ರಾಂಶವನ್ನು ನೋಯ್ಡಾದ ಒಂದು ಸಣ್ಣ ಕಂಪನಿ ನೋಡಿಕೊಳ್ಳುತ್ತದೆ. ಅದರ ಒಳಗಿನ ತಪ್ಪುಗಳನ್ನು ಹುಡುಕಿ ತಿದ್ದಿ ಅವರಿಗೆ ಈಮೇಲ್ ಮಾಡುವುದು ನನಗೆ ವರ್ಷಗಳ ಅಭ್ಯಾಸ. ಅಲ್ಲಿನ ಮುಖ್ಯಸ್ಥ ತ್ಯಾಗಿಯವರು ಪ್ರತಿ ಬಾರಿಯೂ ಒಂದೇ ಸಾಲಿನ ಉತ್ತರ ಬರೆಯುತ್ತಿದ್ದರು: ‘ಧನ್ಯವಾದ, ಸೇರಿಸಿದೆ.’ ನಮ್ಮನೆಯವರು ಹೋದ ಮೇಲೆ ಐದಾರು ತಿಂಗಳು ನನ್ನಿಂದ ಏನೂ ಹೋಗದಿದ್ದಾಗ ಅವರೇ ಫೋನ್ ಮಾಡಿದರು. ವಿಷಯ ತಿಳಿದು ಫೋನ್ ಇಟ್ಟರು. ಒಂದು ವಾರ ಬಿಟ್ಟು ಮತ್ತೆ ಮಾಡಿ, “ಇಲ್ಲಿಗೆ ಬನ್ನಿ. ಒಂದು ಕುರ್ಚಿ ಖಾಲಿ ಇದೆ” ಎಂದರು.

ಮಕ್ಕಳಿಲ್ಲ. ಇನ್‌ಸ್ಟಿಟ್ಯೂಟಿನ ಬೀಗದ ಕೈ ಮೈದುನನಿಗೆ ಕೊಟ್ಟು ಬಂದೆ.

ನೋಯ್ಡಾ ನನಗೆ ಇಷ್ಟವಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಗದಗಿನಲ್ಲಿ ನನ್ನನ್ನು ಕಂಡರೆ ಜನ ದನಿ ತಗ್ಗಿಸುತ್ತಿದ್ದರು. ಕಿರಾಣಿ ಅಂಗಡಿಯಲ್ಲಿ ಜೋರಾಗಿ ನಗುತ್ತಿದ್ದವರು ನಾನು ಒಳಗೆ ಕಾಲಿಟ್ಟರೆ ಬೇಳೆಯ ವಿಷಯ ಮಾತಾಡುತ್ತಿದ್ದರು. ಅದು ಪ್ರೀತಿಯೇ, ಆದರೆ ಹೊರಲು ಭಾರವಾದ ಪ್ರೀತಿ. ಇಲ್ಲಿ ಯಾರೂ ಯಾರಿಗೂ ದನಿ ತಗ್ಗಿಸುವುದಿಲ್ಲ. ತರಕಾರಿ ಗಾಡಿಯವನು ತನ್ನ ಕೂಗನ್ನೇ ಧ್ವನಿಮುದ್ರಿಸಿಕೊಂಡು, ಗಾಡಿಗೆ ಸ್ಪೀಕರ್ ಕಟ್ಟಿ, ತಾನು ಬಾಯಿ ಮುಚ್ಚಿಕೊಂಡು ಬರುತ್ತಾನೆ. ಮೊದಲ ವಾರ ಅವನು, “ಮದ್ರಾಸಿನವರಾ ಆಂಟಿ?” ಎಂದ. “ಕರ್ನಾಟಕ, ಭಯ್ಯಾ” ಎಂದೆ. “ಅಚ್ಛಾ, ಅಚ್ಛಾ. ಮದ್ರಾಸಿನ ಹತ್ತಿರವೇ” ಎಂದು ನನ್ನನ್ನು ಸಮಾಧಾನಪಡಿಸಿ ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕಿದ.

ಮನೆಯ ಮಾಲೀಕರು ಸರಳಾ ಆಂಟಿ, ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದಾರೆ. ಮನೆ ತೋರಿಸುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಕೇಲೀ ಹೋ?” ಒಬ್ಬಳೇಯಾ? ಹೌದು ಎಂದೆ. “ನಾನೂ ಅಷ್ಟೇ. ಬಾಲ್ಕನಿಗೆ ಬಲೆ ಹಾಕಿಸಿದ್ದೇನೆ, ಪಾರಿವಾಳ ಬರುವುದಿಲ್ಲ” ಎಂದರು. ನಮ್ಮಿಬ್ಬರ ವೈಧವ್ಯದ ಬಗ್ಗೆ ಅಲ್ಲಿಗೆ ಮಾತು ಮುಗಿಯಿತು. ಚಳಿಗಾಲ ಬಂದಾಗ ಅವರೇ ನನಗೊಂದು ರಜಾಯಿ ಕೊಡಿಸಿದರು. ರಜಾಯಿ ಎಂದರೆ ಅರಳೆ ತುಂಬಿದ ದಪ್ಪನೆಯ ಹೊದಿಕೆ. ನಮ್ಮ ಕೌದಿ ಅದರ ಮುಂದೆ ಟವೆಲ್ಲಿನಂತೆ. ನಮ್ಮ ಕಡೆ ಬಿಸಿಲು ಕಂಡರೆ ನೆರಳಿಗೆ ಓಡುತ್ತೇವೆ. ಇಲ್ಲಿ ಜನವರಿಯಲ್ಲಿ ಆಫೀಸಿನವರೆಲ್ಲ ಊಟವಾದ ಮೇಲೆ ಬಿಸಿಲಿನ ಒಂದು ತುಂಡು ಹುಡುಕಿಕೊಂಡು, ಅದು ಸರಿದಂತೆ ಕುರ್ಚಿ ಸರಿಸುತ್ತ, ಮೂಲಂಗಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಾರೆ.

ಜೋಳದ ಹಿಟ್ಟಿಗೆ ಮಾತ್ರ ಕಷ್ಟಪಟ್ಟೆ. ಗಿರಣಿಗೆ ಇಲ್ಲಿ ಚಕ್ಕಿ ಎನ್ನುತ್ತಾರೆ. ಚಕ್ಕಿಯವನು ನನ್ನ ಜೋಳವನ್ನು ನೋಡಿ, “ಹಸುವಿಗಾ?” ಎಂದ. “ನನಗೆ” ಎಂದೆ. ಈಗ ಅವನೇ ಕೇಳುತ್ತಾನೆ, “ನಿಮ್ಮ ಜ್ವಾರ್ ಮುಗಿಯಲಿಲ್ಲವಾ?”

ದಿಲ್ಲಿಯ ದ್ವಾರಕಾದಲ್ಲಿ ಒಂದು ಕನ್ನಡದ ಮನೆ ಪರಿಚಯವಾಗಿದೆ. ವಸುಧಾ ಎಂಬವರು ಧಾರವಾಡದ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾರೆ. ತಿಂಗಳಿಗೊಮ್ಮೆ ಭಾನುವಾರ ಹೋಗುತ್ತೇನೆ. ಅವರ ಮಗಳಿಗೆ, “ಯವ್ವಾ, ಅತ್ತೀಗೆ ನೀರು ಕೊಡು” ಎಂದರೆ ಎದ್ದು ಹೋಗಿ ತರುತ್ತಾಳೆ, ತಂದು, “ಆಂಟಿ, ಠಂಡಾ ಯಾ ನಾರ್ಮಲ್?” ಎನ್ನುತ್ತಾಳೆ. ವಸುಧಾ ಹಣೆ ಬಡಿದುಕೊಳ್ಳುತ್ತಾರೆ. ನನಗೆ ಅದರಲ್ಲಿ ಬೇಸರವೇನೂ ಕಾಣುವುದಿಲ್ಲ. ನೀರಂತೂ ಬಂತು.

ಇನ್ನು ನನ್ನ ಕೆಲಸದ ವಿಷಯ. ಊರಿನವರು ಫೋನಿನಲ್ಲಿ, “ಅಲ್ಲಿ ಏನ್ ಮಾಡ್ತಿ?” ಎಂದರೆ ನಾನು ಹೀಗೆ ಹೇಳುತ್ತೇನೆ. ನೀವು ಒಂದು ಕೀ ಒತ್ತಿದಾಗ ಆ ಅಕ್ಷರ ನೇರವಾಗಿ ಪ್ರೋಗ್ರಾಮಿಗೆ ಹೋಗುವುದಿಲ್ಲ. ನಡುವೆ ಕರ್ನಲ್ ಎಂಬ ಒಳಗಿನ ಮೇಲ್ವಿಚಾರಕನೊಬ್ಬ ಇರುತ್ತಾನೆ. ಅವನು ಅಕ್ಷರಗಳನ್ನು ಒಂದು ತೊಟ್ಟಿಯಲ್ಲಿ ಕೂಡಿಡುತ್ತಾನೆ. ನೀವು ತಪ್ಪು ಒತ್ತಿ ಅಳಿಸಿದರೆ ತೊಟ್ಟಿಯಿಂದ ತೆಗೆಯುತ್ತಾನೆ. ಎಂಟರ್ ಒತ್ತಿದಾಗ ಇಡೀ ಸಾಲನ್ನು ಪ್ರೋಗ್ರಾಮಿಗೆ ಒಪ್ಪಿಸುತ್ತಾನೆ. ಇದು ಸಾಲಿನ ಪದ್ಧತಿ. ಇನ್ನೊಂದು ಪದ್ಧತಿಯೂ ಇದೆ: ‘ಮುಂದುವರಿಯಲು ಯಾವುದಾದರೂ ಕೀ ಒತ್ತಿ’ ಎಂದು ಪರದೆ ಕೇಳುವಾಗ ಎಂಟರ್‌ಗೆ ಕಾಯದೆ ಒಂದೊಂದೇ ಕೀಯನ್ನು ಆಗಿಂದಾಗ ದಾಟಿಸುತ್ತಾನೆ. ಈ ಮೇಲ್ವಿಚಾರಕನ ತಪ್ಪುಗಳನ್ನು ತಿದ್ದುವುದು ನನ್ನ ಕೆಲಸ. “ಅಷ್ಟಕ್ಕ ದಿಲ್ಲಿಗೆ ಹೋಗ್ಬೇಕಿತ್ತಾ?” ಎಂದು ನಮ್ಮ ಅಕ್ಕ ಈಗಲೂ ಕೇಳುತ್ತಾಳೆ.

ಫೆಬ್ರವರಿಯ ಒಂದು ಸೋಮವಾರ ಫರೀದಾಬಾದಿನ ಒಂದು ಧರ್ಮಾರ್ಥ ಆಸ್ಪತ್ರೆಯಿಂದ ಪತ್ರ ಬಂತು. ಅವರ ನೋಂದಣಿ ಕೌಂಟರುಗಳಲ್ಲಿ ನಮ್ಮ ಟರ್ಮಿನಲ್‌ಗಳಿವೆ. ಮೂರನೇ ಕೌಂಟರಿನಲ್ಲಿ ರೋಗಿಗಳ ಕಾರ್ಡಿನ ನಂಬರ್ ಆಗಾಗ ತಪ್ಪಾಗಿ ದಾಖಲಾಗುತ್ತಿದೆ, ಮೊದಲ ಒಂದೆರಡು ಅಂಕಿಗಳೇ ಇರುವುದಿಲ್ಲ. ಹಿಂದಿನ ವಾರ ಒಬ್ಬ ಮುದುಕರ ಹೆಸರಿಗೆ ಬೇರೊಬ್ಬರ ಸಕ್ಕರೆ ಕಾಯಿಲೆಯ ಕಡತ ಬಂದಿತ್ತು. ಡಾಕ್ಟರು ಗಮನಿಸಿದ್ದರಿಂದ ಅನಾಹುತ ತಪ್ಪಿತು. ಬೇರೆ ಯಾವ ಕೌಂಟರಿನಲ್ಲೂ ಹೀಗಾಗಿಲ್ಲ. ಮೂರನೆಯದರಲ್ಲಿ ಕುಳಿತುಕೊಳ್ಳುವವರು ಕಮಲೇಶ್ ಎಂಬ ಹೆಂಗಸು, ಹತ್ತೊಂಬತ್ತು ವರ್ಷದ ಸರ್ವೀಸು. ಯಂತ್ರದಲ್ಲಿ ದೋಷವಿದೆಯೇ ಎಂದು ಶನಿವಾರದೊಳಗೆ ಬರೆದು ತಿಳಿಸಿ. ಇಲ್ಲದಿದ್ದರೆ ಅವರನ್ನು ಕೌಂಟರಿನಿಂದ ತೆಗೆದು ಒಗೆಯುವ ಬಟ್ಟೆಗಳ ವಿಭಾಗಕ್ಕೆ ಹಾಕುತ್ತೇವೆ ಎಂದಿತ್ತು ಪತ್ರ.

ನಮ್ಮ ಆಫೀಸಿನ ಇಬ್ಬರು ಹುಡುಗರು ಅಲ್ಲಿಗೆ ಹೋಗಿ ಪರೀಕ್ಷಿಸಿ ಬಂದರು. ಇನ್ನೂರು ನಂಬರ್ ಹೊಡೆದರಂತೆ. ಎಲ್ಲವೂ ಸರಿಯಾಗಿ ಬಂದವು. ನಾನೂ ಆಫೀಸಿನಲ್ಲಿ ಅದೇ ಯಂತ್ರ ಜೋಡಿಸಿಕೊಂಡು ಮಂಗಳವಾರ ಇಡೀ ದಿನ ಹೊಡೆದೆ. ಒಂದು ಅಂಕಿಯೂ ಕಳೆಯಲಿಲ್ಲ. ತ್ಯಾಗಿಯವರು ಸಂಜೆ ಉತ್ತರ ಸಿದ್ಧಪಡಿಸಿ ನನ್ನ ಮುಂದಿಟ್ಟರು: ‘ಯಂತ್ರದಲ್ಲಿ ದೋಷವಿಲ್ಲ, ನಿರ್ವಾಹಕರ ಅಜಾಗ್ರತೆ.’ ಪರೀಕ್ಷಿಸಿದವರ ಸಹಿ ನನ್ನದು ಬೇಕಿತ್ತು.

“ನೋಡಿಕೊಂಡು ಟೈಪ್ ಮಾಡಲಿ ನಾ ಜೀ” ಎಂದರು ತ್ಯಾಗಿ. “ಪರದೆ ಎದುರಿಗೇ ಇದೆ. ಎರಡು ಅಂಕಿ ಇಲ್ಲದ್ದು ಕಾಣುವುದಿಲ್ಲವೇ?”

ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಆಗ ನನಗೆ ಯಂತ್ರದಲ್ಲಿ ದೋಷವಿರಬಹುದೆಂಬ ಅನುಮಾನವೇನೂ ಇರಲಿಲ್ಲ. ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಹತ್ತೊಂಬತ್ತು ವರ್ಷ ಎಂಬ ಮಾತು ಮಾತ್ರ ಅಡ್ಡ ಬರುತ್ತಿತ್ತು. ಅಷ್ಟು ವರ್ಷ ಸರಿಯಾಗಿ ಮಾಡಿದವರು ಈಗ ಯಾಕೆ ತಪ್ಪುತ್ತಾರೆ? “ನಾನೊಮ್ಮೆ ಹೋಗಿ ನೋಡಿ ಬರುತ್ತೇನೆ, ಆಮೇಲೆ ಸಹಿ ಮಾಡುತ್ತೇನೆ” ಎಂದೆ.

ಬುಧವಾರ ಬೊಟಾನಿಕಲ್ ಗಾರ್ಡನ್‌ನಲ್ಲಿ ಮೆಟ್ರೋ ಹತ್ತಿ, ಕಾಲ್ಕಾಜಿಯಲ್ಲಿ ಬದಲಿಸಿ, ಹೆಂಗಸರ ಬೋಗಿಯಲ್ಲಿ ಕೂತು ಫರೀದಾಬಾದಿಗೆ ಹೋದೆ. ಮೂರನೇ ಕೌಂಟರಿನ ಮುಂದೆ ದೊಡ್ಡ ಸಾಲು. ಉಳಿದ ಕೌಂಟರುಗಳ ಮುಂದೆ ನಾಲ್ಕೈದು ಜನ. ಯಾಕೆಂದು ಕೇಳಿದರೆ ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಇವಳು ಬೇಗ ಕಳಿಸುತ್ತಾಳೆ, ಬೇಟಾ. ಅಲ್ಲಿ ನಿಂತರೆ ಸರದಿ ಬರುವಷ್ಟರಲ್ಲಿ ಕಾಯಿಲೆ ತಾನಾಗಿ ವಾಸಿಯಾಗುತ್ತದೆ” ಎಂದಳು.

ಕಮಲೇಶ್ ಐವತ್ತರ ಹತ್ತಿರದವರು. ಸ್ವೆಟರಿನ ಮೇಲೆ ಶಾಲು, ಬೆನ್ನು ನೇರ, ಮಣಿಕಟ್ಟು ಮೇಜಿಗೆ ತಾಗದೆ ಎತ್ತಿದ್ದು. ಎಡಗೈಯಲ್ಲಿ ರೋಗಿಯ ಕಾರ್ಡನ್ನು ತೆಗೆದುಕೊಂಡು ಒರಗುಹಲಗೆಗೆ ಆನಿಸಿ ಇಡುತ್ತಿದ್ದರು. ಕಣ್ಣು ಕಾರ್ಡನ್ನು ಬಿಟ್ಟು ಕದಲುತ್ತಿರಲಿಲ್ಲ. ಪರದೆಯನ್ನಾಗಲಿ ಕೀಗಳನ್ನಾಗಲಿ ಒಮ್ಮೆಯೂ ನೋಡಲಿಲ್ಲ. ಒಬ್ಬರ ಚೀಟಿ ಮುದ್ರಣವಾದ ಸದ್ದಿಗೇ ಸ್ಪೇಸ್ ಒತ್ತಿ, ನಿಲ್ಲದೆ ಮುಂದಿನವರ ನಂಬರ್ ಹೊಡೆಯುತ್ತಿದ್ದರು. ಆ ಕೂರುವ ರೀತಿಯನ್ನು ನಾನು ಇಪ್ಪತ್ತೆರಡು ವರ್ಷಗಳ ಕಾಲ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯ ಬಾಗಿಲಿನಿಂದ ನೋಡಿದ್ದೆ.

ಚಹಾದ ಹೊತ್ತಿಗೆ ಕೇಳಿದೆ, “ಟೈಪಿಂಗ್ ಎಲ್ಲಿ ಕಲಿತಿರಿ?”

“ಬಲ್ಲಭಗಢದಲ್ಲಿ, ಮಾಸ್ಟರ್‌ಜೀ ಹತ್ತಿರ. ತಲೆ ಎತ್ತಿದರೆ ಸ್ಕೇಲಿನಿಂದ ಬೀಳುತ್ತಿತ್ತು.” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವೂ ಕಂಪನಿಯವರಾ? ನಿನ್ನೆ ನಿಮ್ಮ ಇಬ್ಬರು ಹುಡುಗರು ಬಂದಿದ್ದರು. ಎರಡು ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ. ಒಂದು ಅಂಕಿ ಒತ್ತುವುದು, ಪರದೆ ನೋಡುವುದು. ಒಂದು ಅಂಕಿ, ಪರದೆ. ಕೊನೆಗೆ ನನಗೇ ಪಾಠ ಹೇಳಿ ಹೋದರು: ಸ್ಕ್ರೀನ್ ದೇಖಾ ಕರೋ, ಆಂಟಿ.” ಲೋಟ ಕೆಳಗಿಟ್ಟರು. “ನಾನು ಒತ್ತಿದ್ದೇನೆ, ಬಹನ್‌ಜೀ. ಒತ್ತದೆ ಇದ್ದರೆ ನನ್ನ ಬೆರಳಿಗೆ ಗೊತ್ತಾಗುತ್ತದೆ. ಬಟ್ಟೆ ಎಣಿಸುವುದಕ್ಕೆ ಹಾಕಲಿ, ಹೋಗುತ್ತೇನೆ. ಆದರೆ ಕಮಲೇಶ್ ತಪ್ಪು ಒತ್ತಿದಳು ಎಂದು ಬರೆದು ಹಾಕಬೇಡಿ.”

ವಾಪಸು ಮೆಟ್ರೋದಲ್ಲಿ ನನ್ನ ಬೆರಳುಗಳನ್ನೇ ನೋಡುತ್ತ ಕುಳಿತಿದ್ದೆ. ಮದುವೆಯಾದ ಹೊಸತರಲ್ಲಿ ನಮ್ಮನೆಯವರು ನನಗೂ ಹಾಗೆಯೇ ಕಲಿಸಿದ್ದರು. ಟೈಪಿಂಗ್ ಶಾಲೆಯ ಮೊದಲ ನಿಯಮ ಅದು: ಕಣ್ಣು ಪ್ರತಿಯ ಮೇಲೆ, ಅಂದರೆ ನೋಡಿ ಹೊಡೆಯಬೇಕಾದ ಹಾಳೆಯ ಮೇಲೆ. ಎರಡನೆಯದು, ಯಂತ್ರಕ್ಕಾಗಿ ನಿಲ್ಲಬಾರದು, ಲಯ ಮುರಿಯಬಾರದು. ಅವರು ಹೋದ ಮೇಲೆ ನಾನು ಪರದೆ ನೋಡಿಕೊಂಡು, ನಿಂತು ನಿಂತು ಒತ್ತುವವಳಾಗಿದ್ದೆ. ಯಾವಾಗಿನಿಂದ ಎಂದು ನನಗೇ ತಿಳಿದಿರಲಿಲ್ಲ. ಬೈಯುವವರು ಇರಲಿಲ್ಲ ನೋಡಿ. ಮಂಗಳವಾರ ಇಡೀ ದಿನ ನಾನು ಪರೀಕ್ಷಿಸಿದ್ದೂ ಹಾಗೆಯೇ. ನಾನೂ ಕಾಳು ಹೆಕ್ಕಿದ್ದೆ.

ಗುರುವಾರ ಬೆಳಿಗ್ಗೆ ಲಯ ಹಿಡಿದು ಹೊಡೆಯಲು ನೋಡಿದೆ. ಆಗಲಿಲ್ಲ. ಮೂರು ನಂಬರ್ ಆಗುವಷ್ಟರಲ್ಲಿ ತಲೆ ತಾನಾಗಿಯೇ ಏಳುತ್ತಿತ್ತು. ನನ್ನ ಫೋನಿನಲ್ಲಿ ಒಂದು ಧ್ವನಿಮುದ್ರಣ ಇತ್ತು. ಜ್ವರ ಬಂದು ಕ್ಲಾಸಿಗೆ ಹೋಗಲಾಗದ ದಿನ ನಮ್ಮನೆಯವರು ವಿದ್ಯಾರ್ಥಿಗಳಿಗೆಂದು ಮಾಡಿದ ಅಂಕಿಗಳ ಅಭ್ಯಾಸ, ಮೂವತ್ತೊಂದು ನಿಮಿಷ. ಅವರು ಹೋದ ಮೇಲೆ ನಾನು ಅದನ್ನು ತೆರೆದಿರಲಿಲ್ಲ. ಅಳಿಸಿಯೂ ಇರಲಿಲ್ಲ.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಚ್ಚಿದೆ.

ಮೊದಲು ಕೆಮ್ಮು. ಆಮೇಲೆ, “ಹ್ಞಾಂ, ಕೂತ್ರ್ಯಾ ಎಲ್ಲಾರೂ? ಬೆನ್ನು ನೆಟ್ಟಗ ಮಾಡ್ರಿ. ತೆಲಿ ಎತ್ತಬ್ಯಾಡ್ರಿ, ಮಷೀನ್ ಎಲ್ಲಿಗೂ ಓಡಿ ಹೋಗೂದಿಲ್ಲ. ಫೋರ್ ಸೆವೆನ್ ಒನ್ ಝೀರೋ ನೈನ್ ಟೂ. ನೆಕ್ಸ್ಟ್.”

ನನ್ನ ಬೆನ್ನು ನೆಟ್ಟಗಾಯಿತು. ಕಣ್ಣು ಮೇಜಿನ ಮೇಲೆ ಇಟ್ಟ ಖಾಲಿ ಹಾಳೆಗೆ ಹೋಯಿತು. ಅಂಕಿಗಳು ಬರುತ್ತಿದ್ದವು, ಬೆರಳು ಒತ್ತುತ್ತಿತ್ತು. ಅವರು ‘ನೆಕ್ಸ್ಟ್’ ಎಂದಾಗ ನಾನು ಎಂಟರ್ ಒತ್ತುತ್ತಿದ್ದೆ, ಚೀಟಿ ಮುದ್ರಣವಾಗುತ್ತಿತ್ತು, ಪರದೆ ‘ಯಾವುದಾದರೂ ಕೀ’ ಎಂದು ಕೇಳುತ್ತಿದ್ದಿರಬೇಕು. ನಾನು ನೋಡದೆ ಒಂದು ಸ್ಪೇಸ್ ಒತ್ತಿ ಮುಂದಿನ ನಂಬರಿಗೆ ಹೋಗುತ್ತಿದ್ದೆ, ಕಮಲೇಶ್ ಹೋದಂತೆ. ಕಣ್ಣೀರು ಬಂತು. ತಲೆ ಎತ್ತುವಂತಿರಲಿಲ್ಲ, ಲಯ ಮುರಿಯುವಂತಿರಲಿಲ್ಲ; ಅದು ಗಲ್ಲದಿಂದ ಹಾಳೆಗೆ ಬಿತ್ತು.

ಪಕ್ಕದ ಕುರ್ಚಿಯ ನಿಧಿ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಗ್ರೇಟರ್ ನೋಯ್ಡಾದಲ್ಲಿ ಎಂಜಿನಿಯರಿಂಗ್ ಓದಿ ಬಂದವಳು. ನನ್ನ ಭುಜ ಮುಟ್ಟಿದಳು. “ಆಂಟಿ, ಯಾವ ಹಾಡು ಕೇಳುತ್ತಿದ್ದೀರಿ, ಇಷ್ಟು ದುಃಖದ್ದು?”

ಒಂದು ಇಯರ್‌ಫೋನ್ ತೆಗೆದು ಅವಳಿಗೆ ಕೊಟ್ಟೆ. ಅವಳು ಸ್ವಲ್ಪ ಹೊತ್ತು ಕೇಳಿದಳು.

“ಇದು ಬರೀ ನಂಬರ್. ಯಾರಿದು?”

“ನಮ್ಮ ಯಜಮಾನರು.”

ಅವಳಿಗೆ ಅವರು ಇಲ್ಲವೆಂಬುದು ಗೊತ್ತಿತ್ತು. ಇಯರ್‌ಫೋನ್ ತೆಗೆಯದೆ, ನಾನು ಮತ್ತೆ ಒತ್ತತೊಡಗಿದ್ದನ್ನು ನೋಡುತ್ತ ಇನ್ನಷ್ಟು ಕೇಳಿದಳು. ಆಮೇಲೆ ಪರದೆಯ ಕಡೆ ನೋಡಿ, “ಆಂಟಿ,” ಎಂದಳು ಮೆಲ್ಲಗೆ, “ಅಂಕಲ್ ಆರು ಅಂಕಿ ಹೇಳಿದರು. ಇಲ್ಲಿ ನಾಲ್ಕೇ ಬಂದಿದೆ.”

ನೋಡಿದೆ. ಅರ್ಧ ಗಂಟೆಯಲ್ಲಿ ಏಳು ಕಡೆ ಮೊದಲ ಅಂಕಿಗಳು ಇರಲಿಲ್ಲ.

ಕಾರಣ ಸಿಗಲು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಪೇಸ್ ಒತ್ತಿದ ಮೇಲೆ ಪ್ರೋಗ್ರಾಮ್ ಒಂದೊಂದೇ ಕೀಯ ಪದ್ಧತಿಯಿಂದ ಸಾಲಿನ ಪದ್ಧತಿಗೆ ಬದಲಾಗುತ್ತದೆ. ಅದಕ್ಕೆ ಕಣ್ಣೆವೆ ಇಕ್ಕುವಷ್ಟು ಸಮಯ ಬೇಕು. ಅಷ್ಟರೊಳಗೆ ಬಂದ ಅಂಕಿಗಳು ತೊಟ್ಟಿಯಲ್ಲಿ ಕುಳಿತಿರುತ್ತವೆ. ನಮ್ಮ ಕರ್ನಲ್ ಪದ್ಧತಿ ಬದಲಿಸುವಾಗ ತೊಟ್ಟಿಯನ್ನು ಖಾಲಿ ಮಾಡಿಬಿಡುತ್ತಿತ್ತು. ಪರದೆ ನೋಡಿ ನಿಧಾನವಾಗಿ ಒತ್ತುವವರ ತೊಟ್ಟಿಯಲ್ಲಿ ಆ ಹೊತ್ತಿಗೆ ಏನೂ ಇರುವುದಿಲ್ಲ, ಹಾಗಾಗಿ ಅವರಿಗೆ ಏನೂ ಕಳೆಯುವುದಿಲ್ಲ. ಹಿಂದಿನ ದೀಪಾವಳಿಯಲ್ಲಿ ಆಸ್ಪತ್ರೆಗೆ ಕಳಿಸಿದ ಹೊಸ ಆವೃತ್ತಿಯಲ್ಲಿ ತೊಟ್ಟಿ ಖಾಲಿ ಮಾಡುವ ಈ ಆದೇಶ ಸೇರಿತ್ತು. ಅದಕ್ಕೇ ಹಳೆಯ ವರ್ಷಗಳಲ್ಲಿ ಕಮಲೇಶ್‌ಗೆ ತೊಂದರೆಯಾಗಿರಲಿಲ್ಲ.

ತ್ಯಾಗಿಯವರು ಕೇಳಿಸಿಕೊಂಡರು. “ಆದರೂ ನೋಡಿಕೊಂಡು ಒತ್ತಿದ್ದರೆ—”

“ಸರ್, ನೋಡದೆ ಒತ್ತುವುದೇ ಅವರ ವಿದ್ಯೆ” ಎಂದೆ. ನಾನು ಆಫೀಸಿನಲ್ಲಿ ಮಾತು ಕಡಿಮೆ. ಎಲ್ಲರೂ ತಿರುಗಿ ನೋಡಿದರು. “ಒತ್ತಿದ ಕೀಯನ್ನು ಕೇಳುವವರು ಬರುವ ತನಕ ಕಾಯ್ದಿಡುವುದು ಕರ್ನಲ್‌ನ ಕೆಲಸ. ಕಮಲೇಶ್ ತಮ್ಮ ಕೆಲಸ ಮಾಡಿದ್ದಾರೆ. ನಾವು ಮಾಡಿಲ್ಲ.”

ತ್ಯಾಗಿಯವರು ತಮ್ಮ ಉತ್ತರದ ಹಾಳೆಯನ್ನು ಮಡಿಸಿ ಡ್ರಾಯರಿಗೆ ಹಾಕಿದರು. “ಚಲೋ, ಸರಿ ಮಾಡಿ” ಎಂದರು.

ಶುಕ್ರವಾರ ಸರಿ ಮಾಡಿದೆ. ಮೊದಲ ಸಲ ಕೆಟ್ಟದಾಗಿ. ತೊಟ್ಟಿಯಲ್ಲಿದ್ದದ್ದು ಉಳಿಯಿತು, ಆದರೆ ಅವಸರದಲ್ಲಿ ಮೊದಲೇ ಒತ್ತಿದ ಎಂಟರ್ ಕೂಡ ಸಾಮಾನ್ಯ ಅಕ್ಷರದಂತೆ ಉಳಿದು, ಸಾಲು ಮುಗಿಯಿತೆಂದು ಕರ್ನಲ್‌ಗೆ ತಿಳಿಯದೆ ಯಂತ್ರ ನಿಂತೇಬಿಟ್ಟಿತು. “ಈಗ ಅಂಕಿ ಕಳೆಯುವುದಿಲ್ಲ ಆಂಟಿ, ಕೌಂಟರೇ ಕಳೆಯುತ್ತದೆ” ಎಂದು ನಿಧಿ ನಕ್ಕಳು. ಅವಳೇ ಆ ತಪ್ಪನ್ನು ಹಿಡಿದದ್ದು. ಮತ್ತೆ ಮೂವತ್ತೊಂದು ನಿಮಿಷ ಹಚ್ಚಿದೆವು, ಈ ಸಲ ಸ್ಪೀಕರಿನಲ್ಲಿ. ನೋಯ್ಡಾದ ಆಫೀಸಿನಲ್ಲಿ ಹನ್ನೆರಡು ಜನ, “ತೆಲಿ ಎತ್ತಬ್ಯಾಡ್ರಿ” ಎಂದು ಕೇಳಿಸಿಕೊಳ್ಳುತ್ತ ಚಹಾ ಕುಡಿದರು. ಒಂದು ಅಂಕಿಯೂ ಕಳೆಯಲಿಲ್ಲ.

ನಮ್ಮ ಕೆಲಸದಲ್ಲೊಂದು ವಾಡಿಕೆಯಿದೆ. ಪ್ರತಿ ತಿದ್ದುಪಡಿಯ ಕೆಳಗೆ ಬರೆದವರು ಯಾರು, ದೋಷ ತಿಳಿಸಿದವರು ಯಾರು, ಪರೀಕ್ಷಿಸಿದವರು ಯಾರು ಎಂದು ಹೆಸರು ಹಾಕುತ್ತಾರೆ. ಆ ಹೆಸರುಗಳು ಆ ತಂತ್ರಾಂಶ ಇರುವವರೆಗೂ ಅದರ ಜೊತೆಗಿರುತ್ತವೆ. ದೋಷ ತಿಳಿಸಿದವರ ಜಾಗದಲ್ಲಿ ಕಮಲೇಶ್ ಅವರ ಹೆಸರು ಬರೆದೆ. ಪರೀಕ್ಷಿಸಿದವರು ನಿಧಿ. “ಅಂಕಲ್ ಹೆಸರೂ ಹಾಕಿ” ಎಂದಳು ಅವಳು. ಹೆಸರಿನ ಪಕ್ಕ, ಬರೆದರೆ ತಲುಪುವಂಥ ಈಮೇಲ್ ವಿಳಾಸ ಕಡ್ಡಾಯ. ಬಿಟ್ಟೆ.

ಶನಿವಾರ ಆಸ್ಪತ್ರೆಗೆ ಹೋದ ಪತ್ರದಲ್ಲಿ ದೋಷ ಯಂತ್ರದ್ದು, ನಿರ್ವಾಹಕರದ್ದಲ್ಲ ಎಂದು ಬರೆದು ಸಹಿ ಮಾಡಿದೆ. ಹೊಸ ಆವೃತ್ತಿಯನ್ನು ಹಾಕಲು ನಾನೇ ಹೋದೆ. ಕಮಲೇಶ್ ಆ ಪತ್ರವನ್ನು ಎರಡು ಸಲ ಓದಿ, ಒಂದು ಪ್ರತಿ ಮಾಡಿಸಿಕೊಂಡು ಪರ್ಸಿನಲ್ಲಿಟ್ಟರು. ತಿದ್ದುಪಡಿಯ ಕೆಳಗೆ ತಮ್ಮ ಹೆಸರಿದೆ ಎಂದು ತೋರಿಸಿದಾಗ ಸಣ್ಣ ಅಕ್ಷರಗಳಿಗೆ ಕನ್ನಡಕ ಹಾಕಿಕೊಂಡು ಬಾಗಿದರು. “ಸ್ಪೆಲ್ಲಿಂಗ್ ಸರಿ ಇದೆ” ಎಂದರು. ಆಮೇಲೆ ಸಾಲಿನ ಕಡೆ ತಿರುಗಿ, “ಚಲೋ ಭಾಯಿ, ಯಾರ ಸರದಿ?” ಎಂದು ಕೂಗಿದರು. ಮಧ್ಯಾಹ್ನ ನನಗೆ ತಮ್ಮ ಡಬ್ಬಿಯ ಮೇಥಿ ಪರಾಠ ತಿನ್ನಿಸಿಯೇ ಕಳಿಸಿದರು.

ಮುಂದಿನ ವಾರ ಇದೇ ತಿದ್ದುಪಡಿಯನ್ನು ನಮ್ಮ ಟರ್ಮಿನಲ್‌ಗಳಿರುವ ಎಲ್ಲ ಊರುಗಳಿಗೂ ಕಳಿಸಿದೆವು. ಕಳಿಸಿದ ಮೇಲೆ ಒಂದೊಂದು ಕಡೆಗೂ ಫೋನ್ ಮಾಡಿ, ಕೌಂಟರಿನವರಿಂದ ಕಾಯದೆ ಒಂದು ನಂಬರ್ ಹೊಡೆಸಿ, ಸರಿಯಾಗಿ ಬಂತೇ ಎಂದು ಕೇಳಬೇಕು. ಪಟ್ಟಿ ನನ್ನ ಕೈಗೆ ಬಂತು. ರೋಹತಕ್, ಅಲಿಗಢ, ಜಬಲ್‌ಪುರ, ಹೀಗೆ ಹೋಗುತ್ತ ಹತ್ತನೆಯದು ಹುಬ್ಬಳ್ಳಿಯ ಒಂದು ದವಾಖಾನೆ. ಬೆಳಗಿನಿಂದ ಹಿಂದಿಯಲ್ಲೇ ಮಾತಾಡುತ್ತಿದ್ದ ನಾಲಿಗೆ ಅದೇ ಓಟದಲ್ಲಿ, “ನಮಸ್ತೇ, ನೋಯ್ಡಾ ಸೇ ಬೋಲ್ ರಹೀ ಹೂಂ” ಎಂದುಬಿಟ್ಟಿತು.

“ಹಾಂ ಜೀ, ಬೋಲಿಯೇ ಮೇಡಂ” ಎಂದಿತು ಗಂಡಸಿನ ದನಿ. ಆಮೇಲೆ ಅವರು ಫೋನಿಗೆ ಅಂಗೈ ಅಡ್ಡ ಹಿಡಿದಿರಬೇಕು, ಆದರೆ ಎಲ್ಲವೂ ಕೇಳುತ್ತಿತ್ತು. “ಏ ಮಲ್ಲವ್ವಕ್ಕ, ಒಂಚೂರು ಸುಮ್ನಿರ್ರಿ. ದಿಲ್ಲಿ ಮಂದಿ ಫೋನ್ ಐತಿ. ಮತ್ತೇನ್ ಕೆಡಸಾಕ ಹತ್ಯಾರೋ ಏನೋ.”

ಯಾರೋ ಹೆಂಗಸು, “ಹೊಸಾದು ಹಾಕಿ ಹೋಗ್ತಾರ, ಅನುಭೋಗ್ಸೋರು ನಾವು” ಎಂದಳು.

ಆಗಲೇ ಕನ್ನಡದಲ್ಲಿ ಮಾತಾಡಬಹುದಿತ್ತು. ಮಾತಾಡಲಿಲ್ಲ. ಅವರು ನನ್ನನ್ನು ಬೈಯುತ್ತಿದ್ದ ದನಿ ಎಷ್ಟು ಹತ್ತಿರದ್ದಾಗಿತ್ತೆಂದರೆ, ನಾನು ಯಾರೆಂದು ಹೇಳಿದ ಕೂಡಲೇ ಅದು ತಗ್ಗುತ್ತದೆ ಎಂದು ಭಯವಾಯಿತು. ಹಿಂದಿಯಲ್ಲೇ ಹೇಳಿದೆ: ಒಂದು ಚೀಟಿ ತೆಗೆಯಿರಿ, ಕಾಯದೆ ಮುಂದಿನ ನಂಬರ್ ಹೊಡೆಯಿರಿ. ಕೀಗಳ ಸದ್ದು ಕೇಳಿತು. ಒಳ್ಳೆಯ ವೇಗ.

“ಆಗಯಾ ಮೇಡಂ, ಪೂರಾ ಆಗಯಾ.”

“ಮೊದಲನೇ ಅಂಕಿನೂ ಬಂತ್ರ್ಯಾ?” ಎಂದೆ. ಬಾಯಿಂದ ಅದು ಬಂದದ್ದು ನನಗೇ ಆಮೇಲೆ ತಿಳಿಯಿತು.

“ಯವ್ವಾ... ಕನ್ನಡದವ್ರ ಅದೀರಿ?”

“ಗದಗಿನಾಕಿನ್ರಿ.”

“ಅಯ್ಯ ಶಿವನ! ಮೊದ್ಲ ಹೇಳ್ಬಾರ್ದ್ರ್ಯಾ, ಅಕ್ಕಾರ? ನಾವು ದಿಲ್ಲಿ ಮಂದಿ ಅದು ಇದು ಅಂತ... ತಪ್ಪ ತಿಳ್ಕೋಬ್ಯಾಡ್ರಿ ಮತ್ತ.”

“ತಪ್ಪೇನೈತ್ರಿ? ನೀವಂದದ್ದು ಖರೇನ ಐತಿ.”

ಅವರು ದೊಡ್ಡದಾಗಿ ನಕ್ಕರು. ಈ ಕಡೆ ಬಂದಾಗ ದವಾಖಾನೆಗೆ ಬಂದು ಚಹಾ ಕುಡಿದೇ ಹೋಗಬೇಕು ಎಂದರು. ಯಾವಾಗ ಬರುತ್ತೀರಿ ಎಂದು ಕೇಳಿದರು. ಬೇಸಿಗೆಗೆ ಎಂದೆ. “ಬೇಸಿಗ್ಯಾಗ ಅಲ್ಲೇ ಇರ್ತೀರೇನೋ ಅಂದ್ಕೊಂಡೆ. ಅಲ್ಲಿ ತಂಪ ಇರತೈತಲ್ರಿ?” ಎಂದರು. ದಿಲ್ಲಿಯ ಬೇಸಿಗೆ ಅವರಿಗೆ ಗೊತ್ತಿಲ್ಲ. ನಲವತ್ತೈದು ಡಿಗ್ರಿ ಎಂದು ಹೇಳಹೊರಟವಳು ಯಾಕೋ ನೋಯ್ಡಾವನ್ನು ಬಿಟ್ಟುಕೊಡಲು ಮನಸ್ಸಾಗದೆ, “ಹ್ಞೂಂ, ಅಡ್ಡಿಯಿಲ್ಲ, ಚಲೋ ಇರತೈತಿ” ಎಂದೆ.

ಫೋನ್ ಇಟ್ಟು ಪಟ್ಟಿಯಲ್ಲಿ ಹುಬ್ಬಳ್ಳಿಯ ಮುಂದೆ ಗುರುತು ಹಾಕಿದೆ. ಹನ್ನೊಂದನೆಯದು ಮೇರಠ್. ಆ ಕಡೆಯವರು ಫೋನ್ ಎತ್ತಿದರು. ಹಿಂದಿ ಬಾಯಿಗೆ ಬರಲು ಸ್ವಲ್ಪ ತಡವಾಯಿತು. “ಹಲೋ, ಹಲೋ, ಕೌನ್?” ಎಂದು ಅವರು ಕೇಳುತ್ತಲೇ ಇದ್ದರು.